ಭಾಷೆಗೊಂದು ರಾಜ್ಯ ಕೊಟ್ಟದ್ದಕ್ಕೆ ದೇಶ ಒಡೆದೀತೇ?

ಪ್ರೀತಿಯ ಪುಟ್ಟೀ,

ಆಶೀರ್ವಾದಗಳು. ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ನಿನ್ನ ಕಾಗದದ ಒಂದು ಸಾಲು ಮನಸ್ಸಿಗೆ ಚುಚ್ಚಿಕೊಂಡಿದೆ: "ಭಾಷೆಗೊಂದು ರಾಜ್ಯ ಮಾಡಿದ್ದೇ ತಪ್ಪಾಯಿತೇನೋ ಮಾವ, ಇವತ್ತಲ್ಲ ನಾಳೆ ದೇಶ ಇದೇ ಗೆರೆಗಳ ಮೇಲೆ ಒಡೆಯುತ್ತದೆ."

ಈ ಭಯ ಗಣರಾಜ್ಯಕ್ಕಿಂತ ಹಳೆಯದು. 1948ರ ಧರ್ ಆಯೋಗ ಇದೇ ಅಂಜಿಕೆಯಿಂದ ಭಾಷಾವಾರು ಪ್ರಾಂತ ಬೇಡವೆಂದಿತು. ಮರುವರ್ಷ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿ ಸದ್ಯಕ್ಕೆ ತಡೆಯಿರಿ ಎಂದಿತು. ಧರ್ಮದ ಹೆಸರಿನಲ್ಲಿ ದೇಶ ಆಗಷ್ಟೇ ಹೋಳಾಗಿತ್ತು, ಅವರನ್ನು ದೂರಲಾರೆ. ಆದರೆ ತಡ ಮಾಡಿದ್ದರ ಬೆಲೆ ದೊಡ್ಡದಾಯಿತು. 1952ರ ಡಿಸೆಂಬರಿನಲ್ಲಿ, ತೆಲುಗರಿಗೆ ರಾಜ್ಯ ಬೇಕೆಂದು ಪಟ್ಟು ಹಿಡಿದಿದ್ದ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ತೀರಿಕೊಂಡು, ಊರೂರಲ್ಲಿ ಗಲಭೆ ಎದ್ದ ಮೇಲೆ ಆಂಧ್ರ ರಾಜ್ಯಕ್ಕೆ ಒಪ್ಪಿದರು. ರಾಜ್ಯಗಳನ್ನು ಮತ್ತೆ ವಿಂಗಡಿಸುವುದು ಹೇಗೆಂದು ನೋಡಲು ಫಜಲ್ ಅಲಿ ಆಯೋಗ ನೇಮಕವಾದದ್ದು ಅದಾದ ಮರುವರ್ಷ. ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡನಾಡಿನ ಬಹುಪಾಲು 1956ರ ನವೆಂಬರ್ 1ರಂದು ಮೈಸೂರಿನೊಂದಿಗೆ ಕೂಡಿತು. ಕಾಸರಗೋಡು ಕೇರಳಕ್ಕೆ ಹೋಯಿತು, ಆ ನೋವು ಇನ್ನೂ ಆರಿಲ್ಲ.

ಒಡೆಯುತ್ತದೆ ಅನ್ನುತ್ತೀಯಲ್ಲ, ಒಡೆದದ್ದು ಎಲ್ಲಿ ನೋಡು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿಗಾಗಿ ಬೀದಿಗಿಳಿದವರ ಮೇಲೆ ಗುಂಡು ಹಾರಿಸಿದ ಪಾಕಿಸ್ತಾನ 1971ರಲ್ಲಿ ಎರಡಾಯಿತು. 1956ರಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂದು ಕಾನೂನು ಮಾಡಿದ ಶ್ರೀಲಂಕಾ ಮುಂದೆ ಅಂತರ್ಯುದ್ಧಕ್ಕೆ ಬಿತ್ತು. ಎರಡು ಕಡೆಯೂ ಭಾಷೆಯೊಂದೇ ಕಾರಣವಲ್ಲ, ಒಪ್ಪುತ್ತೇನೆ. ಆದರೂ ನಮ್ಮಲ್ಲಿ ಪ್ರತ್ಯೇಕ ದ್ರಾವಿಡನಾಡು ಕೇಳುತ್ತಿದ್ದ ಡಿಎಂಕೆ 1963ರಲ್ಲಿ ಆ ಬೇಡಿಕೆ ಬಿಟ್ಟು, 1967ರಲ್ಲಿ ಚುನಾವಣೆ ಗೆದ್ದು ಇದೇ ಸಂವಿಧಾನದಡಿ ಸರ್ಕಾರ ಮಾಡಿತು.

ನಿನ್ನ ಭಯಕ್ಕೆ ಆಧಾರವೇ ಇಲ್ಲ ಅಂತಲ್ಲ. ನೀನು ಬೇರೆ ಗೆರೆ ನೋಡುತ್ತಿದ್ದೀಯೇನೋ ಅನ್ನಿಸುತ್ತದೆ. ತೆಲಂಗಾಣದಲ್ಲೂ ಆಂಧ್ರದಲ್ಲೂ ಆಡುವುದು ತೆಲುಗೇ. ನೀರು, ನೌಕರಿಗಳ ಬಗ್ಗೆ 1956ರಲ್ಲಿ ಎರಡನ್ನೂ ಕೂಡಿಸುವಾಗ ತೆಲಂಗಾಣಕ್ಕೆ ಕೊಟ್ಟ ಮಾತು ನಡೆಯಲಿಲ್ಲವೆಂಬ ಸಿಟ್ಟೇ 2014ರಲ್ಲಿ ರಾಜ್ಯವನ್ನು ಎರಡು ಮಾಡಿತು. ಹೊಸ ರಾಜ್ಯ ಮಾಡುವ, ಗಡಿ ಬದಲಿಸುವ ಸಂವಿಧಾನದ 3ನೇ ವಿಧಿ ನಿನಗೆ ಬಾಯಿಪಾಠವಿರಬಹುದು: ರಾಷ್ಟ್ರಪತಿಯ ಶಿಫಾರಸಿನ ಮೇಲೆ ಮಸೂದೆ, ರಾಜ್ಯದ ಶಾಸಕಾಂಗಕ್ಕೆ ಗಡುವು ಹಾಕಿ ಅಭಿಪ್ರಾಯ ಕೇಳುವುದು, ಆಮೇಲೆ ಸಂಸತ್ತಿನಲ್ಲಿ ಸಾಮಾನ್ಯ ಬಹುಮತ. ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಆಂಧ್ರ ವಿಧಾನಸಭೆ ಜನವರಿಯಲ್ಲಿ ಮಸೂದೆಯನ್ನು ತಿರಸ್ಕರಿಸಿತು, ಫೆಬ್ರವರಿಯಲ್ಲಿ ಸಂಸತ್ತು ಪಾಸು ಮಾಡಿತು. ವಿಧಿಯ ಈ ಸಡಿಲದಿಂದಲೇ ಗಡಿಗಳು ಬದಲಾದರೂ ದೇಶ ನಿಂತಿದೆ. ಕೇಳಿಯೂ ಕೇಳದಂತೆ ನಡೆದುಕೊಂಡರೆ ಕಹಿ ಉಳಿಯುವುದೂ ಅದರಿಂದಲೇ.

ನಮ್ಮಲ್ಲೂ ಕೂಡಿದ್ದು ನಕ್ಷೆ, ಬದುಕು ಕೂಡಲು ವರ್ಷಗಳೇ ಬೇಕಾದವು. ಐದು ಆಡಳಿತಗಳಿಂದ ಬಂದ ನೌಕರರಿಗೆ ಬೇರೆ ಬೇರೆ ವೇತನ ಶ್ರೇಣಿ, ಬೇರೆ ಬೇರೆ ಬಡ್ತಿ ನಿಯಮ. 1956ರ ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯ 115ನೇ ಕಲಂ ಅವರ ಸೇವಾ ಷರತ್ತುಗಳನ್ನು ಕಾಪಾಡಿತು, ಜ್ಯೇಷ್ಠತಾ ಪಟ್ಟಿಯ ಜಗಳ ಮಾತ್ರ ಕೋರ್ಟು ಹತ್ತಿತು. ಅದಕ್ಕಿಂತ ನನ್ನನ್ನು ಕೊರೆಯುವುದು ಕಲಬುರಗಿ ಕಡೆಯ ಮಾತು. ಪ್ರಾದೇಶಿಕ ಅಸಮತೋಲನ ಅಳೆದ 2002ರ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಕೊಟ್ಟಿತು. ಕಲಬುರಗಿ ಭಾಗಕ್ಕೆ ವಿಶೇಷ ಸವಲತ್ತು ಕೊಡುವ 371ಜೆ ವಿಧಿ ತರುವ ತಿದ್ದುಪಡಿಯನ್ನು ಸಂಸತ್ತು ಒಪ್ಪಿದ್ದು 2012ರಲ್ಲಿ. ಏಕೀಕರಣವಾಗಿ 56 ವರ್ಷ! ಪ್ರತಿ ನವೆಂಬರಿನಲ್ಲಿ ಬಾವುಟ ಹಾರಿಸುತ್ತ ಅಷ್ಟು ಕಾಲ ಹೇಗೆ ಕಳೆದೆವೋ.

ಸಲಹೆ ಕೇಳಿರಲಿಲ್ಲ, ಆದರೂ ಹೇಳಿಬಿಡುತ್ತೇನೆ. ದೇಶ ಒಡೆಯುತ್ತದೆ ಅಂತ ಯಾರಾದರೂ ಹೆದರಿಸಿದರೆ, ಅಲ್ಲಿ ಯಾರ ಹೊಲಕ್ಕೆ ನೀರು ಬಂದಿಲ್ಲ, ಯಾರ ನೇಮಕಾತಿ ನಿಂತಿದೆ ಅಂತ ಮೊದಲು ವಿಚಾರಿಸು. ಬಿಡುವಾದರೆ ಫಜಲ್ ಅಲಿ ವರದಿಯನ್ನೇ ಓದು, ಸಾರಾಂಶ ಸಾಲದು. ತರಬೇತಿ ಮುಗಿದು ಗಡಿ ತಾಲ್ಲೂಕಿಗೆ ಹಾಕಿದರೆ, 350ಎ ವಿಧಿ ಹೇಳುವಂತೆ ಮರಾಠಿ, ತೆಲುಗು ಮಕ್ಕಳಿಗೆ ಅವರ ಭಾಷೆಯಲ್ಲಿ ಪ್ರಾಥಮಿಕ ಪಾಠ ಮಾಡುವ ಮೇಷ್ಟ್ರು ಇದ್ದಾರೆಯೇ ನೋಡು. ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ನಾವು ಕೇಳುವುದೂ ಅದನ್ನೇ.

ಇತಿ,
ನಿನ್ನ ಮಾವ