ಹುಮನಾಬಾದ್ ರಸ್ತೆಯ ಕಾಕಾ ಅವರಿಗೆ

ಕಲಬುರಗಿಯಲ್ಲಿ ನಮ್ಮ ಕಾರಿನ ಕಿರುಚಾಟ ನಿಲ್ಲಿಸಿದ ಕಾಕಾ, ನಿಮಗೆ ಬಹಳ ಥ್ಯಾಂಕ್ಸ್ ರೀ. ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ.

ಬ್ರೇಕ್ ಒತ್ತಿದಾಗೆಲ್ಲ ಕೀಂ ಅನ್ನುತ್ತಿತ್ತು. ಬೇರೊಂದು ಗ್ಯಾರೇಜಿನವರು ಗಾಲಿ ಬಿಚ್ಚದೆಯೇ ಮುಂದಿನ ಗಾಲಿಗಳ ಬ್ರೇಕ್ ಪ್ಯಾಡ್ ಬದಲಿಸಬೇಕು ಅಂದಿದ್ದರು. ನೀವು ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದಿರಿ. ಅದೇ ಸದ್ದು! ನಮ್ಮ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನೇ ಅಲ್ವಾ. "ಮುಂದಿಂದು ಬಿಡ್ರಿ, ಇದು ಹಿಂದಿಂದು ಅದ" ಅಂದಿರಿ.

ಹಿಂದಿನ ಗಾಲಿಯ ಡ್ರಮ್, ಅಂದರೆ ಬ್ರೇಕಿನ ದುಂಡು ಮುಚ್ಚಳ, ಬಿಚ್ಚಿದರೆ ಒಳಗೆಲ್ಲ ಕಪ್ಪು ಧೂಳು. ಡ್ರಮ್ಮಿಗೆ ಒಳಗಿಂದ ಒತ್ತಿ ಗಾಲಿ ನಿಲ್ಲಿಸುವ ಬ್ರೇಕ್ ಶೂಗಳ ಲೈನಿಂಗ್ (ಉಜ್ಜುವ ಪದರ) ಇನ್ನೂ ದಪ್ಪವೇ ಇತ್ತು, ಆದರೆ ಮೇಲ್ಮೈ ಗಾಜಿನಂತೆ ನುಣುಪು. ಶೂಗಳ ಹಿಂದಿರುವ ತಟ್ಟೆಯಲ್ಲಿ ಅವುಗಳ ಅಂಚು ಉಜ್ಜುವ ಉಬ್ಬುಗಳು ಒಣಗಿ ತುಕ್ಕು ಹಿಡಿದಿದ್ದವು. ಹುಡುಗ ಗಾಳಿ ಹೊಡೆಯಲು ಬಂದರೆ ತಡೆದಿರಿ, ಆ ಧೂಳು ಮೂಗಿಗೆ ಹೋಗಬಾರದು ಅಂತ. ಬ್ರೇಕ್ ಕ್ಲೀನರ್‌ನಿಂದ ತೊಳೆದಿರಿ. ಲೈನಿಂಗ್ ಅನ್ನು ಸ್ಯಾಂಡ್‌ಪೇಪರ್‌ನಿಂದ ತಿಕ್ಕಿದಿರಿ. ಶಾಖ ತಡೆಯುವ ಗ್ರೀಸ್ ಉಬ್ಬುಗಳಿಗೆ ಮಾತ್ರ, ಅದೂ ಬೆರಳ ತುದಿಯಷ್ಟು. ಲೈನಿಂಗ್‌ಗೆ ಚೂರು ತಾಗಿದರೂ ಬ್ರೇಕ್ ಸರಿಯಾಗಿ ಹಿಡಿಯಲ್ಲ ಅಂತ ಎಷ್ಟು ಜೋಪಾನ!

ಹೊಸ ಶೂ ಹಾಕಿ ಜಾಸ್ತಿ ಬಿಲ್ ಮಾಡಬಹುದಿತ್ತು, ಮಾಡಲಿಲ್ಲ. ಅವ್ವ ಅಂತೂ ನಿಮ್ಮನ್ನು ಹರಸುತ್ತಲೇ ಇದ್ದಾರೆ. ಮುಂದಿನ ಸರ್ವಿಸ್‌ಗೂ ನಿಮ್ಮ ಹತ್ತಿರವೇ ಬರುತ್ತೇವೆ.