ಹಾಸಿಗೆಯ ಅಂಚು ಕತ್ತರಿಸಿ ಕೊಟ್ಟಿದ್ದು ಯಾರಿಗೆ?

ಮಾನ್ಯ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ. ನೀವು ರಾಜ್ಯಸಭೆಗೆ ಹೋಗಿರುವುದು ನಮ್ಮ ಕರ್ನಾಟಕದಿಂದ. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

ನಮ್ಮಮ್ಮ ಇವತ್ತಿಗೂ ಹಳೇ ಡೈರಿಯಲ್ಲಿ ಮನೆಖರ್ಚಿನ ಲೆಕ್ಕ ಬರೆಯುತ್ತಾರೆ. 2022ರ ಜುಲೈ ಪುಟದಲ್ಲಿ ಮೊಸರಿನ ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ ‘ಟ್ಯಾಕ್ಸು’ ಅಂತ ಇದೆ. ಆ ತಿಂಗಳ 18ರಿಂದ ಪ್ಯಾಕೆಟ್ ಮೊಸರಿಗೂ ಶೇ 5 ಜಿಎಸ್‌ಟಿ ಬಂತಲ್ಲ, ಅದು. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳೂ ಕೂತಿದ್ದವು, ಗೊತ್ತು. ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟುತ್ತಿಲ್ಲ.

ಆದರೆ ಅದಕ್ಕೆ ಮೂರು ವರ್ಷ ಮುಂಚಿನ ಒಂದು ದಿನ ನೆನಪಿಸಬೇಕು. 2019ರ ಸೆಪ್ಟೆಂಬರ್ 20. ಗೋವಾದಲ್ಲಿ ನೀವು ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಿರಿ. ಹೊಸ ಕಾರ್ಖಾನೆಗಳಿಗೆ ಶೇ 15. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ನೀವೇ ಹೇಳಿದಿರಿ. ಅವತ್ತು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 1,900 ಅಂಶಕ್ಕೂ ಜಾಸ್ತಿ ಜಿಗಿಯಿತು. ‘ದುಡ್ಡು ಎಲ್ಲಿಂದ ತರ್ತೀರಿ’ ಅಂತ ನಿಮ್ಮ ಪಕ್ಷದ ಒಬ್ಬರೂ ಕೇಳಲಿಲ್ಲ. ಅದೇ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಾಗ ಅವರು ಕೇಳಿದ ಮೊದಲ ಪ್ರಶ್ನೆ ಅದೇ ಅಲ್ವಾ?

ಹಾಗಂತ ಆ ಪ್ರಶ್ನೆ ತಪ್ಪಲ್ಲ. ಸಿದ್ದರಾಮಯ್ಯನವರ 2024–25ರ ಬಜೆಟ್ಟಿನಲ್ಲೇ 27 ಸಾವಿರ ಕೋಟಿ ರಾಜಸ್ವ ಕೊರತೆ, ಅಂದರೆ ದಿನನಿತ್ಯದ ಖರ್ಚಿಗೇ ಆದಾಯ ಸಾಲದ ಸ್ಥಿತಿ, ಇತ್ತು. ಅವರನ್ನೂ ಕೇಳಲೇಬೇಕು. ನಿಮ್ಮವರು ‘ಬಿಟ್ಟಿ ಭಾಗ್ಯ’ ಅಂತಾರೆ, ಕಾಂಗ್ರೆಸ್ಸಿನವರು ‘ಸೂಟು ಬೂಟಿನ ಸರ್ಕಾರ’ ಅಂತಾರೆ. ಟಿವಿಯಲ್ಲಿ ಸುಮ್ನೆ ಕೂಗಾಟ. ಲೆಕ್ಕ ಮಾತ್ರ ಯಾರೂ ಬಿಚ್ಚುವುದಿಲ್ಲ.

ತೆರಿಗೆ ಇಳಿದರೆ ಹೂಡಿಕೆ ಬರುತ್ತದೆ, ಕೆಲಸ ಸಿಗುತ್ತದೆ ಅಂದಿದ್ದಿರಿ. ನಿಮ್ಮದೇ ಸಚಿವಾಲಯದ 2024–25ರ ಆರ್ಥಿಕ ಸಮೀಕ್ಷೆ ಏನು ಹೇಳಿತು? 2023–24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3 ಏರಿತು, ಅಲ್ಲಿನ ಉದ್ಯೋಗ ಏರಿದ್ದು ಬರೀ ಶೇ 1.5. ಈಗ ಕಂಪನಿಗಳಿಗಿಂತ ನಮ್ಮಂಥ ಜನ ಕಟ್ಟುವ ಆದಾಯ ತೆರಿಗೆಯೇ ಜಾಸ್ತಿ. 2023ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ 5 ಕೋಟಿ ಮೇಲಿನ ಆದಾಯದ ಸರ್ಚಾರ್ಜನ್ನೂ (ತೆರಿಗೆಯ ಮೇಲಿನ ತೆರಿಗೆ) ಶೇ 37ರಿಂದ 25ಕ್ಕೆ ಇಳಿಸಿದಿರಿ. 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದಾಗ ನನಗೂ ಖುಷಿಯಾಗಿದ್ದು ಸುಳ್ಳಲ್ಲ. ಆದರೆ ಅಮ್ಮನಿಗೆ ಸಂಬಳವೇ ಇಲ್ಲ, ಮೊಸರು ಮಾತ್ರ ಬೇಕು.

ವಿತ್ತೀಯ ಕೊರತೆಯನ್ನು, ಅಂದರೆ ಸಾಲ ಮಾಡಿ ತುಂಬುವ ಕೊರತೆಯನ್ನು, ಜಿಡಿಪಿಯ ಶೇ 4.4ಕ್ಕೆ ತರುತ್ತೇವೆ ಅಂತ 2025ರ ಬಜೆಟ್ಟಿನಲ್ಲಿ ಹೇಳಿದಿರಿ. ಒಳ್ಳೆಯದೇ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ರಾಜ್ಯಗಳಿಗೂ ಹೇಳುತ್ತೀರಿ. ಆ ಹಾಸಿಗೆಯ ಒಂದು ಅಂಚನ್ನು ಕಂಪನಿಗಳಿಗೆ ಕತ್ತರಿಸಿ ಕೊಟ್ಟಿರಲ್ಲ, ಅದರಿಂದ ಎಷ್ಟು ಕಾರ್ಖಾನೆ ಎದ್ದವು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು? ಮುಂದಿನ ಬಜೆಟ್ ಜೊತೆ ಒಂದೇ ಒಂದು ಪುಟ ಸಂಸತ್ತಿನ ಮುಂದಿಡಿ. ಕನ್ನಡದಲ್ಲೂ ಒಂದು ಪ್ರತಿ ಇರಲಿ. ಅಮ್ಮ ಕನ್ನಡಕ ಹಾಕಿಕೊಂಡು ಕೂಡಿಸಿ ನೋಡುತ್ತಾರೆ.

ಇಂತಿ,
ನಿಮ್ಮನ್ನು ಕಳಿಸಿದ ರಾಜ್ಯದ ಒಬ್ಬ ತೆರಿಗೆದಾರ