ಎರೆಮಣ್ಣಿನ ಮೇಲಿನ ರಸ್ತೆ ಕೆಲಸ: ದರ ಮತ್ತು ವಿಧಾನದ ಬದಲಾವಣೆ ಕುರಿತು

ಬೆಂಗಳೂರು

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬಡಾವಣೆಯ ಒಳರಸ್ತೆ, ಕಾರ್ಖಾನೆ ಅಂಗಳ, ಗೋದಾಮಿನ ಲಾರಿ ದಾರಿ ಮುಂತಾದ ಕೆಲಸಗಳಿಗೆ ನಾವು ಇದುವರೆಗೆ ಚದರ ಮೀಟರಿಗೆ ಇಷ್ಟು ಎಂದು ಒಂದೇ ದರ ಹೇಳುತ್ತಿದ್ದೆವು. ಬರುವ ಏಪ್ರಿಲ್ 1ರಿಂದ ಆ ಪದ್ಧತಿಯನ್ನು ಕೈಬಿಡುತ್ತಿದ್ದೇವೆ. ಇನ್ನು ಮುಂದೆ ಮಣ್ಣಿನ ಪರೀಕ್ಷೆಯ ವರದಿ ಕೈಸೇರಿದ ಮೇಲೆಯೇ ಕೊಟೇಶನ್ ಕೊಡುತ್ತೇವೆ. ಮಣ್ಣು ಉಬ್ಬುವ ಜಾತಿಯದೆಂದು ಕಂಡುಬಂದರೆ ನೆಲದ ಸಂಸ್ಕರಣೆ, ಜಿಯೋಗ್ರಿಡ್ (ಜಲ್ಲಿಯನ್ನು ಹಿಡಿದಿಡುವ ಬಲೆ) ಹಾಸು ಮತ್ತು ಅಂಚಿನ ಚರಂಡಿ, ಈ ಮೂರನ್ನೂ ಸೇರಿಸಿದ ಕೆಲಸವನ್ನು ಮಾತ್ರ ಒಪ್ಪಿಕೊಳ್ಳುತ್ತೇವೆ. ಅಂಥ ಸ್ಥಳಗಳಲ್ಲಿ ಆರಂಭದ ಖರ್ಚು ನಿಶ್ಚಯವಾಗಿ ಹೆಚ್ಚುತ್ತದೆ. ಆ ಹಣ ಯಾವುದಕ್ಕೆ ಹೋಗುತ್ತದೆ ಎಂಬುದನ್ನು ತಿಳಿಸಲು ಈ ಪತ್ರ.

ನಾವು ಕೆಲಸ ಕಲಿತದ್ದು ಬೆಂಗಳೂರಿನ ಕೆಂಪು ಮಣ್ಣಿನಲ್ಲಿ. ಅದೇ ರೂಢಿಯಲ್ಲಿ ಕೆಲವು ವರ್ಷಗಳ ಹಿಂದೆ ಗದಗದ ಕಡೆಯ ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ಗೋದಾಮೊಂದಕ್ಕೆ ರಸ್ತೆ ಮಾಡಿಕೊಟ್ಟೆವು. ಮೊದಲ ಬೇಸಿಗೆಯಲ್ಲೇ ಅಂಚಿನಿಂದ ಎರಡಡಿ ಒಳಗೆ, ರಸ್ತೆಯ ಉದ್ದಕ್ಕೂ ಗೆರೆ ಎಳೆದ ಹಾಗೆ ಬಿರುಕು ಬಿಟ್ಟಿತು. ಡಾಂಬರಿನ ಮೇಲೆ ಅನುಮಾನಪಟ್ಟು ಎರಡು ಸಲ ತುಂಬಿಸಿದೆವು, ಎರಡು ಸಲವೂ ಅದು ಮತ್ತೆ ಬಾಯಿ ತೆರೆಯಿತು. ಕೊನೆಗೆ ಮೇ ತಿಂಗಳಲ್ಲಿ ಅಡ್ಡಲಾಗಿ ಗುಂಡಿ ತೆಗೆಸಿ ನೋಡಿದಾಗ ಡಾಂಬರು, ಜಲ್ಲಿ ಎರಡೂ ಸರಿಯಾಗಿಯೇ ಇದ್ದವು. ಬಿರುಕು ಕೆಳಗಿನ ಎರೆಯಿಂದಲೇ ಹೊರಟು ಜಲ್ಲಿಯನ್ನು ಸೀಳಿಕೊಂಡು ಮೇಲೆ ಬಂದಿತ್ತು. ನಮ್ಮ ಮೇಸ್ತ್ರಿ ಅದರೊಳಗೆ ಇಳಿಬಿಟ್ಟ ಅಳತೆ ಟೇಪು ಮೊಳದುದ್ದಕ್ಕಿಂತ ಹೆಚ್ಚು ಇಳಿಯಿತು. ತಪ್ಪು ನಮ್ಮದೇ ಆದ್ದರಿಂದ ದುರಸ್ತಿಯ ಖರ್ಚನ್ನೂ ನಾವೇ ಹೊತ್ತೆವು.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುತ್ತದೆ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿದ್ದು, ನೀರು ಹಾಳೆಗಳ ನಡುವೆ ಹೊಕ್ಕಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ರಸ್ತೆಯ ನಡುಭಾಗದ ಕೆಳಗೆ, ಮೇಲೆ ಡಾಂಬರಿನ ಮುಚ್ಚಳವಿರುವುದರಿಂದ, ತೇವ ಬಹುಮಟ್ಟಿಗೆ ಒಂದೇ ಸಮ ಇರುತ್ತದೆ. ಅಂಚಿನ ಮಣ್ಣು ಮಾತ್ರ ಪ್ರತಿ ಮಳೆಗಾಲ ಉಬ್ಬಿ ಪ್ರತಿ ಬೇಸಿಗೆ ಕುಗ್ಗುತ್ತದೆ. ಬಿರುಕು ಅಂಚಿನ ಬಳಿಯೇ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ. ವಾಹನದ ಭಾರಕ್ಕೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲದ ಕಾರಣ ಡಾಂಬರಿನ ದಪ್ಪ ಹೆಚ್ಚಿಸಿ ಪ್ರಯೋಜನವಾಗದು.

ನಾವು ಕೇಳುವ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಮಣ್ಣಿನ ಪರೀಕ್ಷೆಗಳ ಭಾರತೀಯ ಮಾನಕವಾದ ಐಎಸ್ 2720ರ 40ನೇ ಭಾಗದಲ್ಲಿರುವ ಫ್ರೀ ಸ್ವೆಲ್ ಇಂಡೆಕ್ಸ್, ಅಂದರೆ ಮಣ್ಣು ಎಷ್ಟು ಉಬ್ಬುತ್ತದೆ ಎಂಬುದರ ಅಳತೆ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣ ಮಣ್ಣನ್ನು ಹತ್ತತ್ತು ಗ್ರಾಂ ತೂಗಿ, ಒಂದು ಪಾಲನ್ನು ಶುದ್ಧ ನೀರಿನ ಜಾರಿಗೂ ಇನ್ನೊಂದನ್ನು ಸೀಮೆಎಣ್ಣೆಯ ಜಾರಿಗೂ ಹಾಕಿ, ಕನಿಷ್ಠ 24 ಗಂಟೆ ಬಿಟ್ಟು ಮಟ್ಟ ಓದುತ್ತಾರೆ. ನೀರಿನಲ್ಲಿರುವ ಮಣ್ಣು ಸೀಮೆಎಣ್ಣೆಯಲ್ಲಿರುವುದಕ್ಕಿಂತ ಶೇ 50ಕ್ಕೂ ಹೆಚ್ಚು ಜಾಗ ಹಿಡಿದರೆ ಅದನ್ನು ರಸ್ತೆಯ ಏರಿಗೆ ತುಂಬಬಾರದೆಂದು ಕೇಂದ್ರದ ಹೆದ್ದಾರಿ ಸಚಿವಾಲಯದ ನಿಯಮವಿದೆ. ಕೆಯೊಲಿನೈಟ್ ಎಂಬ ಇನ್ನೊಂದು ಜೇಡಿ ಖನಿಜ ಪ್ರಧಾನವಾದ ಮಣ್ಣು ಇದಕ್ಕೆ ತದ್ವಿರುದ್ಧವಾಗಿ, ನೀರಿಗಿಂತ ಸೀಮೆಎಣ್ಣೆಯಲ್ಲೇ ಹೆಚ್ಚು ಜಾಗ ಹಿಡಿಯುವುದುಂಟು. ಎರಡು ಜಾರುಗಳನ್ನು ಅಕ್ಕಪಕ್ಕದಲ್ಲಿಟ್ಟು ಒಮ್ಮೆ ನೋಡಿದವರಿಗೆ ನಮ್ಮ ಹೊಸ ದರಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇದು ಉತ್ತರ ಕರ್ನಾಟಕದ ಗ್ರಾಹಕರಿಗೆ ಮಾತ್ರ ಸಂಬಂಧಿಸಿದ್ದೆಂದು ದಯವಿಟ್ಟು ಭಾವಿಸಬೇಡಿ. ಬೆಂಗಳೂರಿನಲ್ಲಿ ಕೆರೆಯಂಗಳದ ಮೇಲೆ ಎದ್ದ ಜಾಗಗಳು ಅನೇಕ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆಯ ಹೂಳೆಲ್ಲ ಉಬ್ಬುವ ಮಣ್ಣೆಂದು ನಾವು ಹೇಳುತ್ತಿಲ್ಲ. ಆದರೆ ಮೇಲೆ ನಾಲ್ಕಡಿ ಕೆಂಪು ಮಣ್ಣು ಸುರಿದ ನಿವೇಶನದಲ್ಲಿ ಕೆಳಗೇನಿದೆ ಎಂಬುದು ನಿಂತು ನೋಡಿದರೆ ತಿಳಿಯುವಂಥದ್ದಲ್ಲ.

ಸಂಸ್ಕರಣೆ ಎಂದರೆ ಸಾಮಾನ್ಯವಾಗಿ ಸುಣ್ಣ ಬೆರೆಸುವುದು. ಒಣ ಮಣ್ಣಿನ ತೂಕದ ಶೇ 3ರಿಂದ 6ರಷ್ಟು ಸುಣ್ಣ ಬೇಕಾಗುತ್ತದೆ, ನಿಖರ ಪ್ರಮಾಣವನ್ನು ಪ್ರಯೋಗಾಲಯ ನಿಗದಿಪಡಿಸುತ್ತದೆ. ಸುಣ್ಣ ಹರಡಿ, ರೋಟವೇಟರ್‌ನಿಂದ ಮಗುಚಿ, ತೇವ ಹಿಡಿಸಿ ಒಂದು ದಿನವಾದರೂ ಹದವಾಗಲು ಬಿಟ್ಟು, ಮತ್ತೆ ಮಗುಚಿ ರೋಲರ್ ಹೊಡೆಯುತ್ತೇವೆ. ಸುಣ್ಣದ ಕ್ಯಾಲ್ಸಿಯಂ ಹಿಡಿದ ಮೇಲೆ ಕಾಲಿಗೆ ಅಂಟುತ್ತಿದ್ದ ಎರೆ ಪುಡಿಪುಡಿಯಾಗುತ್ತದೆ, ಅದು ಕಣ್ಣಿಗೇ ಕಾಣುತ್ತದೆ. ಆ ಒಂದು ದಿನ ಯಂತ್ರಗಳು ಸುಮ್ಮನೆ ನಿಂತಿರುವುದನ್ನು ಕಂಡು ಕೆಲವರು ಫೋನು ಮಾಡಿ ಕೇಳುವುದುಂಟು. ಅದು ವಿಳಂಬವಲ್ಲ, ಕೆಲಸದ ಭಾಗ. ಮಣ್ಣಿನಲ್ಲಿ ಜಿಪ್ಸಂನಂಥ ಸಲ್ಫೇಟ್ ಹೆಚ್ಚಿದ್ದರೆ ಮಾತ್ರ ಸುಣ್ಣವೇ ಹೊಸ ಉಬ್ಬಿಗೆ ಕಾರಣವಾಗುತ್ತದೆ. ಅಂಥಲ್ಲಿ ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ರೂಪಿಸಿದ ವಿಧಾನದಂತೆ, ಅಂಟುಗುಣವಿದ್ದೂ ಉಬ್ಬದ ಮಣ್ಣನ್ನು 0.6ರಿಂದ 1 ಮೀಟರ್ ದಪ್ಪಕ್ಕೆ ತುಂಬುತ್ತೇವೆ. ಮಣ್ಣಿನ ಸಾಗಣೆಯಿಂದಾಗಿ ಇದು ಇನ್ನೂ ದುಬಾರಿ.

“ಬಲೆ ಹಾಸಿದರೆ ಸಾಲದೇ, ಸುಣ್ಣವೇಕೆ?” ಎಂದು ಹಲವರು ಕೇಳಿದ್ದಾರೆ. ಸಾಲದು. ಜಿಯೋಗ್ರಿಡ್ ಮಣ್ಣು ಉಬ್ಬುವುದನ್ನು ತಡೆಯುವುದಿಲ್ಲ. ಅದರ ಕಣ್ಣುಗಳಲ್ಲಿ ಜಲ್ಲಿ ಸಿಕ್ಕಿಕೊಂಡು ಪದರವೆಲ್ಲ ಒಂದಾಗಿ ನಿಲ್ಲುವುದರಿಂದ, ಕೆಳಗಿನ ಎಳೆತ ಒಂದೇ ಕಡೆ ಬಿರುಕಾಗಿ ಒಡೆಯದೆ ಹಂಚಿಹೋಗುತ್ತದೆ, ಅಷ್ಟೇ. ಹಾಗೆಂದು ಅದು ಕಡಿಮೆ ಲಾಭವೇನಲ್ಲ. ಆದರೆ ಕಣ್ಣಿನ ಅಳತೆ ಜಲ್ಲಿಯ ಅಳತೆಗೆ ಹೊಂದಬೇಕು, ಹಾಸು ಸುಕ್ಕಿಲ್ಲದೆ ಅಂಚಿನವರೆಗೂ ಚಾಚಿರಬೇಕು, ಜಲ್ಲಿ ಮುಚ್ಚುವ ಮೊದಲು ಅದರ ಮೇಲೆ ಟಿಪ್ಪರ್ ಓಡಿಸಬಾರದು. ಜಲ್ಲಿ ಮುಚ್ಚಿದ ಮೇಲೆ ಯಾರೂ ನೋಡಲಾಗದ ಕೆಲಸ ಇದಾದ್ದರಿಂದ, ಹಾಸುವ ದಿನ ನಿಮ್ಮ ಕಡೆಯವರೊಬ್ಬರು ಸ್ಥಳದಲ್ಲಿದ್ದು ಸಹಿ ಮಾಡಬೇಕೆಂಬ ನಿಬಂಧನೆ ಸೇರಿಸಿದ್ದೇವೆ.

ಹೊಸ ವಿಧಾನದ ಕೆಲಸಕ್ಕೆ ಅಂಚಿನ ಬಿರುಕಿನ ಮೇಲೆ 3 ವರ್ಷದ ಖಾತರಿ ಕೊಡುತ್ತೇವೆ. ಚರಂಡಿ ಮುಚ್ಚಿದರೆ, ಅಥವಾ ರಸ್ತೆಗೆ ಒತ್ತಿಕೊಂಡು ಹುಲ್ಲುಹಾಸು ಬೆಳೆಸಿ ದಿನವೂ ನೀರು ಬಿಟ್ಟರೆ ಈ ಖಾತರಿ ಅನ್ವಯಿಸುವುದಿಲ್ಲ. ಅಂದವಾದ ಹುಲ್ಲುಹಾಸಿನ ಬಗ್ಗೆ ನಮಗೆ ತಕರಾರಿಲ್ಲ, ಅದು ರಸ್ತೆಯಿಂದ ದೂರವಿದ್ದರೆ ಸಾಕು.

ಮಣ್ಣಿನ ಪರೀಕ್ಷೆಯ ಶುಲ್ಕವನ್ನು ನೀವು ನೇರವಾಗಿ ಪ್ರಯೋಗಾಲಯಕ್ಕೇ ಪಾವತಿಸಬೇಕು. ಅದರಲ್ಲಿ ನಮ್ಮ ಪಾಲಿಲ್ಲ. ವರದಿಯಲ್ಲಿ ಮಣ್ಣು ಉಬ್ಬುವುದಿಲ್ಲವೆಂದು ಬಂದರೆ ಹಳೆಯ ದರವೇ ಮುಂದುವರಿಯುತ್ತದೆ. ಮಾರ್ಚ್ 31ರೊಳಗೆ ಸಹಿಯಾದ ಒಪ್ಪಂದಗಳ ದರ ಬದಲಾಗುವುದಿಲ್ಲ, ಆದರೂ ಎರೆ ನೆಲದಲ್ಲಿ ಕೆಲಸ ಇನ್ನೂ ಆರಂಭವಾಗಿರದಿದ್ದರೆ ಒಮ್ಮೆ ಕಚೇರಿಗೆ ಬಂದು ಮಾತನಾಡಬೇಕಾಗಿ ಕೋರಿಕೆ. ಮಳೆ ಹಿಡಿದ ಮೇಲೆ ಸುಣ್ಣದ ಕೆಲಸ ಆಗದ ಕಾರಣ, ಈ ಸಾಲಿನ ಕೆಲಸ ಬಯಸುವವರು ಮಣ್ಣಿನ ವರದಿಯನ್ನು ಏಪ್ರಿಲ್ 15ರೊಳಗೆ ತಲುಪಿಸಬೇಕು.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರರು